ಮೂರು ಸ್ಯಾಟ್ ಸ್ಕೋರ್ ಇವೆ, ಯಾವುದನ್ನು ಯಾವ ಕಾಲೇಜಿಗೆ ಕಳಿಸೋದು?

ಪ್ಲೇನೋ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಗ ಈ ವರ್ಷ ಸೀನಿಯರ್, ಅಂದರೆ ಹನ್ನೆರಡನೇ ಕ್ಲಾಸು. ಇಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯೋ ಸ್ಯಾಟ್ ಪರೀಕ್ಷೆ (1600ಕ್ಕೆ) ಮೂರು ಸಲ ಬರೆದಿದ್ದಾನೆ. ಮಾರ್ಚ್‌ನಲ್ಲಿ ಶಾಲೆಯವರೇ ಎಲ್ಲರಿಗೂ ಬರೆಸಿದಾಗ 1340 ಬಂತು, ಇಂಗ್ಲಿಷ್ 640, ಗಣಿತ 700. ಜೂನ್‌ನಲ್ಲಿ 1410, ಇಂಗ್ಲಿಷ್ 650, ಗಣಿತ 760. ಆಗಸ್ಟ್‌ನಲ್ಲಿ 1440, ಎರಡರಲ್ಲೂ 720. ಇಂಗ್ಲಿಷ್ ಎಪ್ಪತ್ತು ಏರಿತು, ಗಣಿತ ನಲವತ್ತು ಇಳಿಯಿತು. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ ಅಂತ ಅವನ ವಾದ. ಒಂದು ಗಂಟೆವರೆಗೆ ಫೋನ್ ಹಿಡಿದು ಕೂತಿದ್ದ ಅಂತ ನನ್ನ ವಾದ.

ಪಟ್ಟಿಯಲ್ಲಿರೋದು ಯುಟಿ ಆಸ್ಟಿನ್, ಟೆಕ್ಸಾಸ್ ಎ ಆ್ಯಂಡ್ ಎಂ, ಜಾರ್ಜಿಯಾ ಟೆಕ್, ಪರ್ಡ್ಯೂ, ಮಿಶಿಗನ್, ಜಾರ್ಜ್‌ಟೌನ್, ಜೊತೆಗೆ ಎರಡು ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಎರಡು ಕ್ಯಾಂಪಸ್. ಕಂಪ್ಯೂಟರ್ ಸೈನ್ಸ್ ಓದಬೇಕಾ ಎಕನಾಮಿಕ್ಸ್ ಓದಬೇಕಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಯುಟಿಯಲ್ಲಿ ತರಗತಿಯ ಮೊದಲ 5 ಪರ್ಸೆಂಟ್ ಮಕ್ಕಳಿಗೆ ನೇರ ಪ್ರವೇಶ ಇದೆ. ಇವನು ಅದರೊಳಗಿಲ್ಲ. ನಮ್ಮ ಊರಿನ ಶಾಲೆಗಳಲ್ಲಿ ಆ ಪೈಪೋಟಿ ಹೇಗಿದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ.

ನಾನು ಮೈಸೂರಿನಲ್ಲಿ ಓದಿದವಳು. ನಮಗೆ ಸಿಇಟಿ ರ‍್ಯಾಂಕ್ ಒಂದೇ ಗೊತ್ತಿದ್ದದ್ದು. ಬಂದದ್ದು ಬಂತು, ತೋರಿಸೋದು ಬಚ್ಚಿಡೋದು ಅನ್ನೋ ಮಾತೇ ಇರಲಿಲ್ಲ. ಇಲ್ಲಿ ನೋಡಿದರೆ ಯಾವುದನ್ನು ಕಳಿಸಬೇಕು ಅಂತ ನಾವೇ ಆರಿಸಬೇಕಂತೆ. ಮೂರೂ ಕಳಿಸಲಾ? 1440 ಮಾತ್ರ ಕಳಿಸಲಾ? ಟೆಸ್ಟ್ ಆಪ್ಷನಲ್, ಅಂದರೆ ಸ್ಕೋರ್ ಕೊಡೋದು ನಿಮ್ಮಿಷ್ಟ ಅನ್ನೋ ಕಡೆ, ಏನೂ ಕಳಿಸದೆ ಇರಲಾ? ಅನುಭವ ಇರುವವರು ಹೇಳಿ.

ಎಡಿಸನ್_ಅಪ್ಪ

ಮೇಡಂ, ಎರಡು ಮಕ್ಕಳದ್ದು ಮುಗಿಸಿ ಕೂತಿದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ನಿಮ್ಮ ತಲೆಯಿಂದ 1340, 1410, 1440 ಮೂರನ್ನೂ ತೆಗೆದು ಹಾಕಿ. ನಿಮ್ಮ ಮಗನ ಸ್ಕೋರ್ 1480. ಜೂನ್‌ನ ಗಣಿತ 760, ಆಗಸ್ಟ್‌ನ ಇಂಗ್ಲಿಷ್ 720. ಇದಕ್ಕೆ ಸೂಪರ್‌ಸ್ಕೋರ್ ಅಂತಾರೆ. ಊರಲ್ಲಿ ಈಗ ಎಸ್ಸೆಸ್ಸೆಲ್ಸಿಗೆ, ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2 ಅಂತ ಮಾಡಿದ್ದಾರಲ್ಲ, ಯಾವ ವಿಷಯದಲ್ಲಿ ಯಾವ ಪರೀಕ್ಷೆಯ ಅಂಕ ಚೆನ್ನಾಗಿದೆಯೋ ಅದನ್ನು ಉಳಿಸಿಕೊಳ್ಳಬಹುದು ಅಂತ. ಹೆಚ್ಚುಕಮ್ಮಿ ಅದೇ ಲೆಕ್ಕ.

ಆದರೆ ಎಲ್ಲರೂ ಹಾಗೆ ಮಾಡಲ್ಲ. ಜಾರ್ಜಿಯಾ ಟೆಕ್ ಸೂಪರ್‌ಸ್ಕೋರ್ ಮಾಡುತ್ತದೆ, ಎಂಐಟಿಯೂ ಮಾಡುತ್ತದೆ. ಕೆಲವು ಕಾಲೇಜುಗಳು ಒಂದೇ ದಿನ ಬರೆದದ್ದರಲ್ಲಿ ಯಾವುದು ಜಾಸ್ತಿಯೋ ಅದನ್ನಷ್ಟೇ ನೋಡುತ್ತವೆ. ಇನ್ನು ಬೆರಳೆಣಿಕೆಯಷ್ಟು ಕಡೆ ಬರೆದದ್ದೆಲ್ಲಾ ಕಳಿಸಿ ಅಂತಾರೆ. ನಿಮ್ಮ ಪಟ್ಟಿಯಲ್ಲಿ ಜಾರ್ಜ್‌ಟೌನ್ ಆ ಜಾತಿಯದ್ದು. ಅಲ್ಲಿಗೆ ಮಾರ್ಚ್‌ನ 1340 ಕೂಡ ಹೋಗಬೇಕು.

ಕಳಿಸುವಾಗ ಪೂರ್ತಿ ಒಂದು ದಿನದ ಸ್ಕೋರ್ ಕಳಿಸಬೇಕು. ಜೂನ್‌ನ ಗಣಿತ ಮಾತ್ರ ಕಿತ್ತು ಕಳಿಸುತ್ತೇನೆ ಅಂದರೆ ಆಗಲ್ಲ. ಹಾಗಾಗಿ ಸೂಪರ್‌ಸ್ಕೋರ್ ಬೇಕು ಅಂದರೆ ಜೂನ್ ಮತ್ತು ಆಗಸ್ಟ್ ಎರಡನ್ನೂ ಕಳಿಸಿ. ಕೂಡಿಸೋ ಕೆಲಸ ಅವರದ್ದು. ಸ್ಯಾಟ್ ನಡೆಸೋ ಕಾಲೇಜ್ ಬೋರ್ಡ್‌ನವರು ಈ ಆಯ್ಕೆಗೆ ಸ್ಕೋರ್ ಚಾಯ್ಸ್ ಅಂತ ಹೆಸರಿಟ್ಟಿದ್ದಾರೆ, 2009ರಿಂದ ಇದೆ. ನೀವೇ ದಿನ ಆರಿಸದೆ ಬಿಟ್ಟರೆ ಎಲ್ಲಾ ದಿನದ್ದೂ ಹೋಗುತ್ತದೆ. ಬಹಳ ಜನ ಎಡವೋದು ಅಲ್ಲೇ.

ಪ್ಲೇನೋ_ಅಮ್ಮ

ಸರ್, ಪಿಯುಸಿ ಉದಾಹರಣೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಈಗ ತಲೆಗೆ ಹೋಯಿತು. ಅತ್ತೆಗೂ ಅದೇ ಉದಾಹರಣೆ ಹೇಳಿದೆ. "ಹಾಗಾದ್ರೆ ನಾಲ್ಕನೇ ಸಲಾನೂ ಬರೆಸಿಬಿಡು" ಅಂದರು.

ಇನ್ನೊಂದು ಅನುಮಾನ. ಒಂದೊಂದು ಕಾಲೇಜಿಗೆ ಕಳಿಸೋಕೆ ಹತ್ತತ್ರ ಹದಿನೈದು ಡಾಲರ್ ಕೇಳುತ್ತಿದೆ. ಎರಡು ದಿನದ್ದು ಕಳಿಸಿದರೆ ಎರಡು ಪಟ್ಟಾ?

ಎಡಿಸನ್_ಅಪ್ಪ

ಇಲ್ಲ ಮೇಡಂ, ಲೆಕ್ಕ ಕಾಲೇಜಿಗೆ ಒಂದು ರಿಪೋರ್ಟ್ ಅಂತ. ಒಂದೇ ರಿಪೋರ್ಟಿನಲ್ಲಿ ಎಷ್ಟು ದಿನದ್ದಾದರೂ ಹಾಕಬಹುದು. ಅದಕ್ಕೂ ಮುಂಚೆ, ನಿಜವಾಗಿ ಕಳಿಸಬೇಕಾ ನೋಡಿ. ಈಗ ಬಹಳಷ್ಟು ಕಾಲೇಜುಗಳು, ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕೋ ತಾಣವಾದ ಕಾಮನ್ ಆ್ಯಪ್‌ನಲ್ಲಿ ನೀವೇ ಸ್ಕೋರ್ ಬರೆದರೆ ಸಾಕು ಅಂತವೆ. ಸೀಟು ಸಿಕ್ಕಿ, ಸೇರುತ್ತೇನೆ ಅಂದ ಮೇಲೆ ಅಧಿಕೃತ ರಿಪೋರ್ಟ್ ಕೊಟ್ಟರೆ ಆಯಿತು. ದೊಡ್ಡವಳ ಸಲ ಇದು ಗೊತ್ತಿಲ್ಲದೆ ಹನ್ನೊಂದು ಕಾಲೇಜಿಗೆ ದುಡ್ಡು ಕಟ್ಟಿದೆ. ಚಿಕ್ಕವನ ಸಲ ಎರಡೇ ಕಡೆ. ಹೆಂಡತಿ ಇವತ್ತಿಗೂ ಆ ಲೆಕ್ಕ ಮರೆತಿಲ್ಲ.

ಫ್ರಿಮಾಂಟ್_ಶಿವಮೊಗ್ಗ

ಯುಸಿ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳಿಬಿಡುತ್ತೇನೆ. ಅಲ್ಲಿಗೆ ಏನೂ ಕಳಿಸಬೇಡಿ ಅಕ್ಕ. 1600 ಬಂದಿದ್ದರೂ ಅವರು ನೋಡಲ್ಲ. 2020ರ ಮೇನಲ್ಲಿ ಅವರ ಆಡಳಿತ ಮಂಡಳಿ ಸ್ಯಾಟ್, ಅದರಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿ, ಎರಡನ್ನೂ ಕೈಬಿಡೋ ತೀರ್ಮಾನ ಮಾಡಿತು. ಆಮೇಲೆ ಕೋರ್ಟು ಕೇಸು ಆಗಿ, 2021ರಲ್ಲಿ ರಾಜಿ ಆಗಿ, ಈಗ ಪೂರ್ತಿ ಕಣ್ಣು ಮುಚ್ಚಿದ್ದಾರೆ. ಇದಕ್ಕೆ ಟೆಸ್ಟ್ ಬ್ಲೈಂಡ್ ಅಂತಾರೆ. ಟೆಸ್ಟ್ ಆಪ್ಷನಲ್ ಅಲ್ಲ, ಎರಡೂ ಬೇರೆ. ಕ್ಯಾಲಿಫೋರ್ನಿಯಾದ ಇನ್ನೊಂದು ಸರ್ಕಾರಿ ವಿವಿ ಗುಂಪು ಕ್ಯಾಲ್ ಸ್ಟೇಟ್‌ನವರೂ 2022ರಲ್ಲಿ ಅದೇ ದಾರಿ ಹಿಡಿದರು.

ನಮ್ಮ ಬೀದಿಯಲ್ಲಿ ಒಬ್ಬರು ಮಗಳ 1560 ಅನ್ನು ಯುಸಿ ಪ್ರಬಂಧದೊಳಗೆ ತೂರಿಸಿದ್ದರು. "ಸ್ಯಾಟ್‌ಗೆ ತಯಾರಿ ಮಾಡುವಾಗ ನನಗೆ ತಾಳ್ಮೆ ಅಂದರೇನು ಅಂತ ಅರ್ಥವಾಯಿತು" ಅಂತೇನೋ. ಮುನ್ನೂರೈವತ್ತು ಪದದ ಉತ್ತರದಲ್ಲಿ ಅರ್ಧ ಅದಕ್ಕೇ ಹೋಯಿತು. ಬೇಡ ಅಂತ ನಾನು ಹೇಳಿದ್ದೆ. ಕೇಳಲಿಲ್ಲ.

ಹಾಂ, ಎಪಿ ಸ್ಕೋರ್ (ಹೈಸ್ಕೂಲಲ್ಲೇ ಬರೆಯೋ ಕಾಲೇಜು ಮಟ್ಟದ ಪರೀಕ್ಷೆ, 5ಕ್ಕೆ ಅಂಕ) ಮಾತ್ರ ಯುಸಿಗೆ ಹಾಕಿ. ಅದನ್ನು ಕೇಳುತ್ತಾರೆ. ಸೇರಿದ ಮೇಲೆ 3 ಮತ್ತು ಅದಕ್ಕಿಂತ ಮೇಲಿದ್ದದ್ದಕ್ಕೆ ಕ್ರೆಡಿಟ್ಟೂ ಸಿಗುತ್ತದೆ.

ಬಸವನಗುಡಿ_ಅಮ್ಮ

ನಾನು ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗಳು ಅಮೆರಿಕಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಇಲ್ಲಿ ಒಂದು ಕನ್ಸಲ್ಟೆನ್ಸಿಗೆ ಸೇರಿಸಿದ್ದೆವು, ಹೆಸರು ಬೇಡ. ಅವರು ಅವಳ ಕಾಲೇಜ್ ಬೋರ್ಡ್ ಪಾಸ್‌ವರ್ಡ್ ಇಸ್ಕೊಂಡರು. ಪರೀಕ್ಷೆ ಮುಗಿದ ಮೂರನೇ ದಿನವೇ ನಾಲ್ಕು ಕಾಲೇಜಿಗೆ ಸ್ಕೋರ್ ಕಳಿಸಿಬಿಟ್ಟರು. ಯಾಕೆ ಅಂದರೆ "ಮೇಡಂ, ನಾಲ್ಕು ಫ್ರೀ ಇದೆ, ಸುಮ್ನೆ ಯಾಕೆ ಬಿಡೋದು" ಅಂತ. ಎರಡು ವಾರ ಆದ ಮೇಲೆ ಸ್ಕೋರ್ ಬಂತು. 1230. ಶಾಲೆಯ ಅಣಕು ಪರೀಕ್ಷೆಯಲ್ಲಿ 1380 ಬರುತ್ತಿದ್ದ ಹುಡುಗಿ. ಅವತ್ತು ಲ್ಯಾಪ್‌ಟಾಪ್ ನಡುವೆ ಒಂದು ಸಲ ಕೈಕೊಟ್ಟಿತು, ಆಮೇಲೆ ಅವಳ ಮನಸ್ಸು ನಿಲ್ಲಲಿಲ್ಲ.

ಈಗ ಆ ನಾಲ್ಕು ಕಾಲೇಜಿನವರ ಹತ್ತಿರ 1230 ಹೋಗಿ ಕೂತಿದೆ. ಮತ್ತೆ ಬರೆದು 1390 ತಂದಿದ್ದಾಳೆ. ಮೊದಲನೆಯದನ್ನು ವಾಪಸ್ ತೆಗೆಯೋಕೆ ಆಗುತ್ತಾ?

ಎಡಿಸನ್_ಅಪ್ಪ

ಹೋದದ್ದು ಹೋಯಿತು ಮೇಡಂ, ವಾಪಸ್ ಬರಲ್ಲ. ಆ ನಾಲ್ಕು ಉಚಿತ ರಿಪೋರ್ಟ್ ನಿಜ, ಆದರೆ ಪರೀಕ್ಷೆಯಾಗಿ ಒಂಬತ್ತು ದಿನದೊಳಗೆ ಹೇಳಬೇಕು. ಫಲಿತಾಂಶ ಬರೋದು ಸುಮಾರು ಎರಡು ವಾರಕ್ಕೆ. ಅಂದರೆ ಮುಚ್ಚಿದ ಲಕೋಟೆ ಪೋಸ್ಟ್ ಮಾಡಿದ ಹಾಗೆ. ಒಳಗೇನಿದೆ ಅಂತ ನಿಮಗೂ ಗೊತ್ತಿಲ್ಲ. ಬರೆದದ್ದೆಲ್ಲಾ ಕಳಿಸಿ ಅನ್ನೋ ಕಾಲೇಜಿಗೆ, ಅಥವಾ ಅಣಕು ಪರೀಕ್ಷೆಗಳಲ್ಲಿ ಒಂದೇ ಸಮ ಚೆನ್ನಾಗಿ ಬರುತ್ತಿದ್ದರೆ, ಅದನ್ನು ಬಳಸಬಹುದು. ಮೊದಲ ಸಲ ಬರೆಯುವವರು ಬಿಟ್ಟುಬಿಡೋದೇ ವಾಸಿ. ನಾಲ್ಕು ರಿಪೋರ್ಟಿನ ದುಡ್ಡು ಉಳಿಸೋಕೆ ಹೋಗಿ ನಾಲ್ಕು ಕಡೆ ಕೈ ತೋರಿಸಿದ ಹಾಗಾಗುತ್ತದೆ.

ಆದರೆ ಗಾಬರಿ ಬೇಡ. ಹೊಸ 1390 ಅದೇ ನಾಲ್ಕು ಕಡೆಗೆ ಕಳಿಸಿ. ಓದುವವರು ಮೇಲಿನದನ್ನೇ ಎಣಿಸುತ್ತಾರೆ. 160 ಏರಿದ್ದು ಕೆಟ್ಟ ಮಾತಲ್ಲ. ಮತ್ತೆ ಆ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ.

ಬಸವನಗುಡಿ_ಅಮ್ಮ

ಬದಲಾಯಿಸಿದೆ ಸರ್. ಅರ್ಧ ಗಂಟೆಯಲ್ಲಿ ಕನ್ಸಲ್ಟೆನ್ಸಿಯಿಂದ ಫೋನ್ ಬಂತು, "ಲಾಗಿನ್ ಆಗ್ತಿಲ್ಲ ಮೇಡಂ" ಅಂತ. ಅಂದರೆ ದಿನಾ ಒಳಗೆ ಹೋಗಿ ನೋಡುತ್ತಿದ್ದರು ಅಂತ ಆಯಿತಲ್ಲ!

ಬಾಸ್ಟನ್_ಮಾವ

ಎಲ್ಲರೂ ಕಳಿಸಿ ಕಳಿಸಿ ಅನ್ನುತ್ತಿದ್ದೀರಿ. ನಾನು ಉಲ್ಟಾ ಹೇಳುತ್ತೇನೆ. ಟೆಸ್ಟ್ ಆಪ್ಷನಲ್ ಅಂತ ಅವರೇ ಬಾಯಿಬಿಟ್ಟು ಹೇಳಿರುವಾಗ, ಅಲ್ಲಿ ಸೇರಿದವರ ಮಧ್ಯದ ಅಂಕಕ್ಕಿಂತ ಕಡಿಮೆ ಇರೋದನ್ನು ಯಾಕೆ ಕಳಿಸಬೇಕು? ನನ್ನ ಮಗಳಿಗೆ 1290. ಬರವಣಿಗೆ, ನಾಟಕ ಎರಡರಲ್ಲೂ ಚುರುಕು. ಮೇನ್ ರಾಜ್ಯದ ಕಡೆಯ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಹಾಕಿದಳು. ಬೋಡನ್ ಕಾಲೇಜು 1969ರಿಂದಲೇ ಅಂಕ ಬೇಕೇಬೇಕು ಅಂತ ಕೇಳುತ್ತಿಲ್ಲ, ಬೇಟ್ಸ್ 1984ರಿಂದ. ಕೋವಿಡ್ ಬಂತು ಅಂತ ಶುರು ಮಾಡಿದವರಲ್ಲ ಇವರು. ಮಗಳು ಎಲ್ಲೂ ಸ್ಕೋರ್ ಹಾಕಲಿಲ್ಲ. ಒಳ್ಳೆ ಕಡೆ ಸಿಕ್ಕಿತು, ಸ್ಕಾಲರ್‌ಶಿಪ್ಪೂ ಸಿಕ್ಕಿತು.

ಸ್ಕೋರ್ ಕಮ್ಮಿ ಇದ್ದರೆ ಬಾಯಿ ಮುಚ್ಚಿಕೊಂಡಿರೋದು ಜಾಣತನ. ಇದು ನನ್ನ ಅನುಭವ.

ಕಾಲೇಜ್_ಹುಡುಗಿ

ಅಂಕಲ್, ನಿಮ್ಮ ಮಗಳ ವಿಷಯದಲ್ಲಿ ಅದು ಸರಿ. ಆದರೆ ಅದನ್ನೇ ಎಲ್ಲರಿಗೂ ನಿಯಮ ಮಾಡಬೇಡಿ, ಪ್ಲೀಸ್. ನಾನು ಆ ನಿಯಮ ನಂಬಿ ಕೆಟ್ಟವಳು.

ನಾನೀಗ ಕಾಲೇಜಿನಲ್ಲಿ ಎರಡನೇ ವರ್ಷ. ಓಹಾಯೋದ ಒಂದು ಸಣ್ಣ ಊರಲ್ಲಿ ಓದಿದ್ದು, ನಮ್ಮ ಹೈಸ್ಕೂಲಿನಲ್ಲಿ ಸ್ಯಾಟ್ ಬರೆಯುವವರೇ ಕಮ್ಮಿ. ನನಗೆ 1420 ಬಂದಿತ್ತು. ಒಂದು ದೊಡ್ಡ ಕಾಲೇಜಿನ ಅಂಕ ನೋಡಿದೆ, ಮಧ್ಯದ್ದು 1520 ಅಂತಿತ್ತು. ಅಯ್ಯೋ, ನೂರು ಕಮ್ಮಿ ಅಂತ ಮುಚ್ಚಿಟ್ಟೆ. ಸಿಗಲಿಲ್ಲ. ಸ್ಕೋರ್ ಹಾಕಿದ್ದರೆ ಸಿಗುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಆ 1520 ಅನ್ನೋ ಸಂಖ್ಯೆಯನ್ನು ನಾನು ಓದಿದ ರೀತಿಯೇ ತಪ್ಪು.

ಯಾಕೆ ಅಂದರೆ, ಟೆಸ್ಟ್ ಆಪ್ಷನಲ್ ಕಾಲೇಜಿನಲ್ಲಿ ಸ್ಕೋರ್ ಕಳಿಸೋದು ಯಾರು? ಚೆನ್ನಾಗಿ ಬಂದವರು. ಕಮ್ಮಿ ಬಂದವರು ಮುಚ್ಚಿಟ್ಟರು. ಹಾಗಾಗಿ ಪ್ರಕಟ ಆಗೋ ಅಂಕ ಮೇಲೆ ಹೋಯಿತು. ಮುಂದಿನ ವರ್ಷದ ಮಕ್ಕಳು ಅದನ್ನು ನೋಡಿ ಇನ್ನಷ್ಟು ಜನ ಮುಚ್ಚಿಟ್ಟರು. ಮತ್ತೆ ಮೇಲೆ ಹೋಯಿತು. ಅದು ಇಡೀ ಕ್ಲಾಸಿನ ಅಂಕ ಅಲ್ಲವೇ ಅಲ್ಲ, ಕಳಿಸಿದವರ ಅಂಕ ಮಾತ್ರ.

ಎಲ್ಲಿ ನೋಡಬೇಕು ಅಂದರೆ, ಕಾಲೇಜಿನ ಹೆಸರು ಹಾಕಿ "ಕಾಮನ್ ಡೇಟಾ ಸೆಟ್" ಅಂತ ಹುಡುಕಿ. ಉದ್ದದ ಒಂದು ಪಿಡಿಎಫ್ ಸಿಗುತ್ತದೆ. ಅದರಲ್ಲಿ ಸಿ9 ಅನ್ನೋ ಭಾಗಕ್ಕೆ ಹೋಗಿ. ಎಲ್ಲರೂ ಅಲ್ಲಿ 25ನೇ, 75ನೇ ಪರ್ಸೆಂಟೈಲ್ ಮಾತ್ರ ನೋಡುತ್ತಾರೆ. ಅದಕ್ಕಿಂತ ಮೇಲಿನ ಸಾಲು ನೋಡಿ: ಸೇರಿದವರಲ್ಲಿ ಎಷ್ಟು ಪರ್ಸೆಂಟ್ ಜನ ಸ್ಯಾಟ್ ಕಳಿಸಿದ್ದರು, ಎಷ್ಟು ಜನ ಎಸಿಟಿ ಅಂತ ಇರುತ್ತದೆ. ಮೂರರಲ್ಲಿ ಒಬ್ಬರು ಮಾತ್ರ ಕಳಿಸಿದ್ದರೆ ಆ 1520ಕ್ಕೆ ಅಷ್ಟು ಹೆದರಬೇಕಾಗಿಲ್ಲ. ಅದರ ಹಿಂದೆಯೇ ಸಿ7 ಇದೆ. ಅಲ್ಲಿ ಗ್ರೇಡು, ಪ್ರಬಂಧ, ಟೆಸ್ಟ್ ಸ್ಕೋರ್ ಇವಕ್ಕೆಲ್ಲ ಕಾಲೇಜು ಎಷ್ಟು ಮಹತ್ವ ಕೊಡುತ್ತದೆ ಅಂತ ಅವರೇ ಗುರುತು ಹಾಕಿರುತ್ತಾರೆ.

ಇದು ನನ್ನೊಬ್ಬಳ ಕೊರಗು ಅಲ್ಲ. ಡಾರ್ಟ್‌ಮತ್ ಕಾಲೇಜು 2024ರ ಫೆಬ್ರವರಿಯಲ್ಲಿ ಟೆಸ್ಟ್ ಮತ್ತೆ ಕಡ್ಡಾಯ ಮಾಡಿತಲ್ಲ, ಅದಕ್ಕೆ ಮುಂಚೆ ಅವರದೇ ಪ್ರೊಫೆಸರ್‌ಗಳು ಲೆಕ್ಕ ಹಾಕಿ ನೋಡಿದರು. ಹೆಚ್ಚು ಅನುಕೂಲ ಇಲ್ಲದ ಮನೆಗಳಿಂದ ಬಂದ ಎಷ್ಟೋ ಮಕ್ಕಳು 1400ರ ಆಸುಪಾಸಿನ ಸ್ಕೋರ್ ಮುಚ್ಚಿಟ್ಟಿದ್ದರು. ಕಳಿಸಿದ್ದರೆ ಅವರಿಗೇ ಲಾಭ ಆಗುತ್ತಿತ್ತು. ಏಕೆಂದರೆ ಓದುವವರು 1400 ಅನ್ನು ಬರೀ 1400 ಅಂತ ನೋಡಲ್ಲ. ಆ ಹುಡುಗನ ಶಾಲೆಯಲ್ಲಿ ಉಳಿದವರು ಎಷ್ಟು ತೆಗೆದಿದ್ದಾರೆ ಅಂತ ಪಕ್ಕದಲ್ಲಿಟ್ಟು ನೋಡುತ್ತಾರೆ. ಅದನ್ನು ಓದಿದ ದಿನ ನನಗೆ ಹೊಟ್ಟೆ ಉರಿಯಿತು.

ಬಾಸ್ಟನ್_ಮಾವ

ಒಪ್ಪಿದೆ ಮಗಳೇ. ನಿನ್ನ ಮಾತಿನಲ್ಲಿ ಹುರುಳಿದೆ. ಆದರೆ ಪ್ಲೇನೋ ಅಂಥ ಊರಿನ ಹುಡುಗನಿಗೆ ಇದೇ ಲೆಕ್ಕ ತಿರುಗಿ ಹೊಡೆಯುತ್ತದೆ ನೋಡು. ಅವನ ಶಾಲೆಯಲ್ಲಿ 1500 ದಾಟಿದವರು ಸಾಲುಗಟ್ಟಿ ನಿಂತಿರುತ್ತಾರೆ. ಅಲ್ಲಿಂದ ಬಂದ 1440ಗೂ ನಿನ್ನ ಊರಿನ 1420ಗೂ ಒಂದೇ ತೂಕ ಇರಲ್ಲ.

ಕಾಲೇಜ್_ಹುಡುಗಿ

ಅದು ನಿಜ ಅಂಕಲ್. ಅದನ್ನು ನಾನು ಹೇಳಬೇಕಿತ್ತು. ಆಂಟಿ, ಶಾಲೆಯ ಕೌನ್ಸೆಲರ್ ಪ್ರತಿ ಅರ್ಜಿ ಜೊತೆ ಸ್ಕೂಲ್ ಪ್ರೊಫೈಲ್ ಅಂತ ಒಂದೆರಡು ಪುಟ ಕಳಿಸುತ್ತಾರೆ. ನಿಮ್ಮ ಶಾಲೆಯ ಸರಾಸರಿ ಎಷ್ಟು ಅಂತ ಅದರಲ್ಲಿ ಇರಬಹುದು. ಹೆಚ್ಚಿನ ಶಾಲೆಗಳು ವೆಬ್‌ಸೈಟ್‌ನಲ್ಲೇ ಹಾಕಿರುತ್ತವೆ. ಅದನ್ನು ಒಮ್ಮೆ ತೆಗೆದು ನೋಡಿ.

ಎಂಎಸ್_ಮಾಡೋನು

ನಡುವೆ ಒಂದು ಪ್ರಶ್ನೆ. ಎಂಎಸ್ ಪ್ರವೇಶಕ್ಕೆ ಬರೆಯೋ ಜಿಆರ್‌ಇಗೂ ಇದೇ ನಿಯಮ ಇದೆಯಾ? ಮೊದಲ ಸಲ 309, ಮುಂದಿನ ತಿಂಗಳು ಮತ್ತೆ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿದ್ದೇನೆ, ಕೇಳೋಕೆ ಯಾರೂ ಸಿಗಲಿಲ್ಲ.

ಫ್ರಿಮಾಂಟ್_ಶಿವಮೊಗ್ಗ

ಇದೆ ತಮ್ಮಾ, ಅಲ್ಲಿ ಹೆಸರು ಸ್ಕೋರ್‌ಸೆಲೆಕ್ಟ್. ಪರೀಕ್ಷೆ ದಿನ ನಾಲ್ಕು ಕಾಲೇಜಿಗೆ ಉಚಿತ. ಆವತ್ತು "ಇತ್ತೀಚಿನದು" ಅಥವಾ "ಎಲ್ಲಾ" ಅಂತ ಎರಡೇ ಆಯ್ಕೆ. ಆಮೇಲೆ ದುಡ್ಡು ಕೊಟ್ಟು ಕಳಿಸುವಾಗ "ಬೇಕಾದ ದಿನದ್ದು" ಅನ್ನೋ ಮೂರನೇ ಆಯ್ಕೆಯೂ ಸಿಗುತ್ತದೆ. ಅಲ್ಲೂ ಒಂದು ದಿನದ್ದು ಪೂರ್ತಿ ಹೋಗಬೇಕು. ಕ್ವಾಂಟ್ (ಗಣಿತ) ಒಂದು ದಿನದ್ದು, ವರ್ಬಲ್ (ಇಂಗ್ಲಿಷ್) ಇನ್ನೊಂದು ದಿನದ್ದು ಅಂತ ಆಗಲ್ಲ. ಸ್ಕೋರ್ ಐದು ವರ್ಷ ಬಾಳುತ್ತದೆ. ಸ್ಯಾಟ್‌ಗಿಂತ ಒಂದು ಸುಖ ಏನು ಗೊತ್ತಾ, ಪರೀಕ್ಷೆ ಮುಗಿದ ತಕ್ಷಣ ವರ್ಬಲ್, ಕ್ವಾಂಟ್ ಅಂಕ ಪರದೆ ಮೇಲೆ ಕಾಣುತ್ತದೆ. ನೋಡಿದ ಮೇಲೆ ಕಾಲೇಜು ಆರಿಸಬಹುದು.

ಪ್ಲೇನೋ_ಅಮ್ಮ

ಎರಡು ದಿನ ಈ ಕಡೆ ಬರೋಕೆ ಆಗಲಿಲ್ಲ. ಮನೆಯಲ್ಲಿ ಒಂದು ರಾಮಾಯಣ ಆಯಿತು, ಕೇಳಿ.

ಕಾಲೇಜ್_ಹುಡುಗಿ ಹೇಳಿದ ಹಾಗೆ ಸ್ಕೂಲ್ ಪ್ರೊಫೈಲ್ ಹುಡುಕಿದೆ, ಸಿಕ್ಕಿತು. ಅದರ ಜೊತೆಗೆ ಮಗನ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಕಾಪಿಯನ್ನೂ ತೆಗೆದುಕೊಂಡೆ, ಸುಮ್ನೆ ಗ್ರೇಡು ಸರಿ ಇದೆಯಾ ಅಂತ ನೋಡೋಕೆ. ಗ್ರೇಡೆಲ್ಲಾ ಸರಿ ಇತ್ತು. ಪುಟದ ಕೆಳಗೆ, ಬಲಗಡೆ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಚೌಕ. ಅದರೊಳಗೆ ಮಾರ್ಚ್ ತಿಂಗಳ ಸ್ಯಾಟ್, 640, 700, 1340!

ಅಂದರೆ ನಾವು ಇಲ್ಲಿ ಕೂತು ಯಾವುದು ಕಳಿಸೋದು, ಯಾವುದು ಬಿಡೋದು ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೇವೆ, ಶಾಲೆಯವರು ಅದನ್ನು ಆಗಲೇ ಅಚ್ಚು ಹಾಕಿ ಇಟ್ಟಿದ್ದಾರೆ. ಟ್ರಾನ್ಸ್‌ಕ್ರಿಪ್ಟ್ ಹೋದ ಕಡೆಯೆಲ್ಲಾ ಅದೂ ಹೋಗುತ್ತದೆ. ಜೂನ್, ಆಗಸ್ಟ್ ಎರಡೂ ಅದರಲ್ಲಿಲ್ಲ. ಅವು ನಾವೇ ಹೊರಗೆ ಬರೆಸಿದ್ದು. ಇರೋದರಲ್ಲಿ ಕಡಿಮೆಯದು ಮಾತ್ರ ಇದೆ!

ಮಗನಿಗೆ ತೋರಿಸಿದೆ. "ಗೊತ್ತಿತ್ತು" ಅಂದ. ಗೊತ್ತಿತ್ತಂತೆ!

ಎಡಿಸನ್_ಅಪ್ಪ

ಅಯ್ಯೋ ರಾಮ. ಇದು ನಮ್ಮ ಕಡೆ ಇರಲಿಲ್ಲ, ಕೆಲವು ಶಾಲೆಗಳು ಹಾಕುತ್ತವೆ ಅಂತ ಕೇಳಿದ್ದೆ. ಕೌನ್ಸೆಲರ್‌ಗೆ ಇವತ್ತೇ ಮೇಲ್ ಹಾಕಿ. ಸ್ಯಾಟ್ ಸ್ಕೋರ್ ಟ್ರಾನ್ಸ್‌ಕ್ರಿಪ್ಟಿನಿಂದ ತೆಗೆಯಿರಿ ಅಂತ ಪೋಷಕರು ಬರೆದು ಕೊಟ್ಟರೆ ತೆಗೆಯೋ ಶಾಲೆಗಳಿವೆ. ಅರ್ಜಿ ಕಳಿಸೋಕೆ ಮುಂಚೆ ಆಗಬೇಕು, ಆಮೇಲೆ ಕೇಳಿ ಪ್ರಯೋಜನ ಇಲ್ಲ. ಬಹಳ ಕಡೆ ಅರ್ಜಿಯ ಗಡುವಾದ ನವೆಂಬರ್ 1ರ ಹತ್ತಿರ ಹೋದರೆ ಕೌನ್ಸೆಲರ್ ಕೈಗೇ ಸಿಗಲ್ಲ. ಒಬ್ಬೊಬ್ಬರ ತಲೆ ಮೇಲೂ ನೂರಾರು ಮಕ್ಕಳಿರುತ್ತಾರೆ.

ಅಂದ ಹಾಗೆ, ಪ್ರೊಫೈಲ್‌ನಲ್ಲಿ ಏನಿತ್ತು?

ಪ್ಲೇನೋ_ಅಮ್ಮ

ಮೇಲ್ ಹಾಕಿದೆ. ಒಂದು ಫಾರಂ ಕಳಿಸಿದರು, ಸಹಿ ಮಾಡಿ ಕೊಟ್ಟೆ. ಒಂದು ವಾರ ಅಂದಿದ್ದಾರೆ.

ಪ್ರೊಫೈಲ್‌ನಲ್ಲಿ ಶಾಲೆಯ ಸರಾಸರಿ 1290ರ ಹತ್ತಿರ ಇದೆ. ನಾನು ಇನ್ನೂ ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ನಮ್ಮ ಸ್ನೇಹಿತರ ಗುಂಪಿನಲ್ಲಿ ಎಲ್ಲರ ಮಕ್ಕಳದ್ದೂ 1500ರ ಮೇಲೆ ಅಂತ ಕೇಳಿ ಕೇಳಿ ಹಾಗನ್ನಿಸಿತ್ತು. ಈಗ ಗೊತ್ತಾಗುತ್ತಿದೆ, ಆ ಗುಂಪಿನಲ್ಲೂ ಚೆನ್ನಾಗಿ ಬಂದವರು ಮಾತ್ರ ಬಾಯಿ ಬಿಡುತ್ತಾರೆ. 1340 ಬಂದಾಗ ನಾನೂ ಯಾರಿಗೂ ಹೇಳಿರಲಿಲ್ಲ.

ಕಾಲೇಜ್_ಹುಡುಗಿ

ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಒಂದು ಸಿ9 ಬೇಕು ಆಂಟಿ!

ಯುಟಿ ಬಗ್ಗೆ ಒಂದು ಲೆಕ್ಕ. ಅವರು 2024ರ ಮಾರ್ಚ್‌ನಲ್ಲಿ ಟೆಸ್ಟ್ ಮತ್ತೆ ಕಡ್ಡಾಯ ಮಾಡಿದಾಗ ಕೆಲವು ಅಂಕ ಹೊರಗೆ ಬಿಟ್ಟರು. ಆ ವರ್ಷ ಅರ್ಜಿ ಹಾಕಿದವರಲ್ಲಿ ಸ್ಕೋರ್ ನೋಡಿ ಅಂದವರ ಮಧ್ಯದ ಅಂಕ 1420, ಬೇಡ ಅಂದವರದ್ದು 1160. ಬರೆದಿದ್ದರೂ ಬೇಡ ಅಂದವರು ಬಹಳ ಜನ ಇದ್ದರು. ನಿಮ್ಮವನ 1440 ಆ ಮಧ್ಯಕ್ಕಿಂತ ಮೇಲೆಯೇ ಇದೆ. ಕಂಪ್ಯೂಟರ್ ಸೈನ್ಸ್‌ಗೆ ಪೈಪೋಟಿ ಬೇರೆ ಮಟ್ಟದ್ದು, ಅದು ಬೇರೆ ಮಾತು. ಹೇಗೂ ಯುಟಿ, ಜಾರ್ಜಿಯಾ ಟೆಕ್, ಪರ್ಡ್ಯೂ ಮೂರರಲ್ಲೂ ಟೆಸ್ಟ್ ಬೇಕೇಬೇಕು. ಅಲ್ಲಿ ಕಳಿಸಬೇಕಾ ಬೇಡವಾ ಅನ್ನೋ ಪ್ರಶ್ನೆಯೇ ಇಲ್ಲ, ಯಾವ ದಿನದ್ದು ಅನ್ನೋದು ಮಾತ್ರ.

ಎಡಿಸನ್_ಅಪ್ಪ

ಆ ಮೂರಕ್ಕೂ ಜೂನ್ ಪ್ಲಸ್ ಆಗಸ್ಟ್ ಹಾಕಿ. ಸೂಪರ್‌ಸ್ಕೋರ್ ಮಾಡುವವರು 1480 ಓದುತ್ತಾರೆ. ಮಾಡದವರು 1440 ಓದುತ್ತಾರೆ, ಪಕ್ಕದಲ್ಲಿ 760 ಗಣಿತ ಕಣ್ಣಿಗೆ ಬೀಳುತ್ತದೆ. ಯಾವ ಕಡೆಯಿಂದಲೂ ನಷ್ಟ ಇಲ್ಲ. ಕಂಪ್ಯೂಟರ್ ಸೈನ್ಸ್ ಅಂತ ಗುರುತು ಹಾಕಿದ್ದರೆ ಆ 760 ಬೇಕೇ ಬೇಕು.

ಎಪಿ ಏನಾದರೂ ಬರೆದಿದ್ದಾನಾ?

ಪ್ಲೇನೋ_ಅಮ್ಮ

ಕ್ಯಾಲ್ಕುಲಸ್ ಬಿಸಿ 5, ಫಿಸಿಕ್ಸ್ 1ರಲ್ಲಿ 4, ಅಮೆರಿಕದ ಇತಿಹಾಸದಲ್ಲಿ 2. ಇತಿಹಾಸ ಅಂದರೆ ಅವನಿಗೆ ಆಗಲ್ಲ. ಟಿಪ್ಪು ಬಗ್ಗೆ ಕೇಳಿದ್ದರೆ ಅವನ ಅಜ್ಜ ಹೇಳಿಕೊಡುತ್ತಿದ್ದರು.

ಕಾಲೇಜ್_ಹುಡುಗಿ

ಕಾಮನ್ ಆ್ಯಪ್‌ನಲ್ಲಿ 5 ಮತ್ತು 4 ಬರೆಯಿರಿ, 2 ಬಿಡಿ. ಅರ್ಜಿ ಹಂತದಲ್ಲಿ ಎಪಿ ಅಂಕ ಬರೆಯೋದು ಸಾಮಾನ್ಯವಾಗಿ ನಿಮ್ಮಿಷ್ಟ. ಕ್ಲಾಸಿನ ಗ್ರೇಡು ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೇಗೂ ಇರುತ್ತದೆ.

ಎರಡು ಕಡೆ ಮಾತ್ರ ಎಚ್ಚರ. ಯೇಲ್ ಥರದ ಕಾಲೇಜಿನಲ್ಲಿ ಸ್ಯಾಟ್ ಬದಲು ಎಪಿಯನ್ನೇ ಕೊಡಬಹುದು, ಆದರೆ ಎಪಿ ಕೊಡುತ್ತೇನೆ ಅಂದರೆ ಬರೆದದ್ದೆಲ್ಲಾ ಕೊಡಬೇಕು. 5 ತೋರಿಸಿ 2 ಮುಚ್ಚೋ ಹಾಗಿಲ್ಲ. ಇನ್ನೊಂದು, ಸೇರಿದ ಮೇಲೆ ಕ್ರೆಡಿಟ್‌ಗೆ ಅಂತ ಅಧಿಕೃತ ಎಪಿ ರಿಪೋರ್ಟ್ ಕಳಿಸುತ್ತೀರಲ್ಲ, ಅದರಲ್ಲಿ ಇಡೀ ಜಾತಕ ಹೋಗುತ್ತದೆ. ಯಾವುದಾದರೂ ಒಂದನ್ನು ತಡೆಯಬೇಕು ಅಂದರೆ ಬೇರೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಆದರೆ ಸೀಟು ಸಿಕ್ಕಿದ ಮೇಲೆ ಆ 2 ಕಟ್ಟಿಕೊಂಡು ಯಾರಿಗೆ ಏನಾಗಬೇಕು. ದುಡ್ಡು ದಂಡ.

ಬಾಸ್ಟನ್_ಮಾವ

ಮಿಶಿಗನ್‌ಗೂ ಎ ಆ್ಯಂಡ್ ಎಂಗೂ ಏನು ಮಾಡುತ್ತೀರಮ್ಮ? ಎರಡೂ ಆಪ್ಷನಲ್. ನನ್ನ ಹಳೇ ಪಾಠ ಅಲ್ಲಾದರೂ ಉಪಯೋಗಕ್ಕೆ ಬರುತ್ತದಾ ನೋಡೋಣ.

ಪ್ಲೇನೋ_ಅಮ್ಮ

ನಿನ್ನೆ ರಾತ್ರಿ ಊಟ ಆದ ಮೇಲೆ ಮಗ, ನಾನು, ಅವರಪ್ಪ ಮೂವರೂ ಕೂತು ಎಲ್ಲಾ ಕಾಲೇಜಿನ ಪುಟ ತೆಗೆದು ಒಂದು ಹಾಳೆ ಮೇಲೆ ಬರೆದೆವು. ಇದು ತೀರ್ಮಾನ.

ಯುಟಿ, ಜಾರ್ಜಿಯಾ ಟೆಕ್, ಪರ್ಡ್ಯೂ: ಜೂನ್ ಮತ್ತು ಆಗಸ್ಟ್. ಎ ಆ್ಯಂಡ್ ಎಂಗೂ ಅದೇ ಎರಡು. ಅಲ್ಲಿನ ಸಿ9 ನೋಡಿದ ಮೇಲೆ ಯೋಚಿಸೋಕೆ ಏನೂ ಉಳಿಯಲಿಲ್ಲ. ಯುಸಿ ಎರಡಕ್ಕೂ ಸ್ಯಾಟ್ ಇಲ್ಲ, ಎಪಿ ಹಾಕುತ್ತೇವೆ. ಪ್ರಬಂಧದಲ್ಲಿ ಸ್ಯಾಟ್ ಸುದ್ದಿ ಬರಕೂಡದು ಅಂತ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಮಿಶಿಗನ್ ಬಗ್ಗೆ ಜಗಳ ಆಯಿತು. ಅವರಪ್ಪ ನಿಮ್ಮ ಪಕ್ಷ ಸರ್, ಕಳಿಸಬೇಡ ಅಂದರು. ಮಗ ಕಳಿಸುತ್ತೇನೆ ಅಂದ. "ನಾನು ಬರೀ 1440 ಅಲ್ಲ, ಆದರೆ 1440 ತೆಗೆದವನೂ ನಾನೇ ಅಲ್ವಾ" ಅಂದ. ಅವರಪ್ಪ ಸುಮ್ಮನಾದರು. ಕಳಿಸುತ್ತಿದ್ದೇವೆ.

ಜಾರ್ಜ್‌ಟೌನ್ ಕೊನೆಗೆ ಉಳಿಯಿತು. ಬರೆದದ್ದೆಲ್ಲಾ ಬೇಕು ಅನ್ನೋದು ಅವರ ಪುಟದಲ್ಲಿ ಸ್ಪಷ್ಟವಾಗಿದೆ. ಟ್ರಾನ್ಸ್‌ಕ್ರಿಪ್ಟಿನಿಂದ 1340 ತೆಗೆಸೋಕೆ ನಾನು ಶಾಲೆಗೆ ಫಾರಂ ಕೊಟ್ಟಿದ್ದೆನಲ್ಲ, ಅದೇ 1340 ಅನ್ನು ಈಗ ನಾವೇ ದುಡ್ಡು ಕೊಟ್ಟು ಕಳಿಸಬೇಕು. ಮಗ ಅರ್ಧ ಗಂಟೆ ನಕ್ಕ. ಮೂರೂ ದಿನದ್ದು ಟಿಕ್ ಮಾಡಿ ಕಳಿಸಿದ. ಮೂರನ್ನೂ ಸಾಲಾಗಿ ಒಂದೇ ಕಡೆ ನೋಡಿದಾಗ 1340, 1410, 1440 ಅಂತ ಮೆಟ್ಟಿಲು ಹತ್ತಿದ ಹಾಗೆ ಕಾಣುತ್ತಿತ್ತು. ಅಷ್ಟು ದಿನ ಬಚ್ಚಿಡೋಕೆ ಓಡಾಡಿದ್ದು ನೆನಪಾಗಿ ನನಗೂ ನಗು ಬಂತು.

ಅತ್ತೆ ಮಾತ್ರ ಇನ್ನೂ ಬಿಟ್ಟಿಲ್ಲ. ಅಕ್ಟೋಬರ್‌ನಲ್ಲಿ ಒಂದು ಪರೀಕ್ಷೆ ಇದೆಯಂತಲ್ಲ ಅಂತ ಬೆಳಗ್ಗೆ ಕಾಫಿ ಹೊತ್ತಿಗೇ ಕೇಳಿದರು. ಎಲ್ಲಿಂದ ಗೊತ್ತಾಯಿತೋ ದೇವರಿಗೇ ಗೊತ್ತು.

ಬಸವನಗುಡಿ_ಅಮ್ಮ

ಅಭಿನಂದನೆಗಳು ಮೇಡಂ. ಇಲ್ಲಿಯ ಸುದ್ದಿ: 1390 ಅನ್ನು ಆ ನಾಲ್ಕು ಕಡೆಗೂ ಮಗಳೇ ಕೂತು ಕಳಿಸಿದಳು. ಕನ್ಸಲ್ಟೆನ್ಸಿಯವರು ಬಾಕಿ ಕಂತು ಕೇಳುತ್ತಿದ್ದಾರೆ. ಫ್ರೀ ಅಂತ ಕಳಿಸಿದ ನಾಲ್ಕು ರಿಪೋರ್ಟಿಗೆ ಸರಿಯಾಗಿ ಮತ್ತೆ ನಾಲ್ಕು ರಿಪೋರ್ಟಿನ ದುಡ್ಡು ನಾನು ಕಟ್ಟಿದ್ದೇನೆ, ಅದನ್ನು ಕಳೆದು ಉಳಿದದ್ದು ಕೊಡುತ್ತೇನೆ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.